ಶೂನ್ಯದಲ್ಲಿ ಹುಟ್ಟುವ ಮಿಂಚು

ಬರಿದಾದ ಎಡೆಯಲ್ಲಿ ಏನೂ ಸಂಭವಿಸಲಾರದೆಂಬುದು ಲೋಕದ ನಂಬಿಕೆ. ವಿದ್ಯುತ್ತಿನ ವಿಷಯದಲ್ಲಂತೂ ಈ ನಂಬಿಕೆ ತೀರ ಸಹಜವಾದುದು. ಎರಡು ಲೋಹದ ತಗಡುಗಳನ್ನು ಒಂದು ಮಿಲಿಮೀಟರು ಅಂತರದಲ್ಲಿ ಎದುರುಬದುರಾಗಿ ನಿಲ್ಲಿಸಿ, ಅವುಗಳಿಗೆ ಕೊಟ್ಟ ವಿದ್ಯುತ್ತಿನ ಒತ್ತಡವನ್ನು ಮೆಲ್ಲಮೆಲ್ಲನೆ ಏರಿಸುತ್ತ ಹೋದರೆ, ಮೂರು ನಾಲ್ಕು ಸಾವಿರ ವೋಲ್ಟುಗಳವರೆಗೆ ನಡುವಣ ಗಾಳಿ ತಡೆದುಕೊಳ್ಳುತ್ತದೆ. ಆಮೇಲೆ ಚಟ್ಟನೆ ಕಿಡಿ ಹಾರುತ್ತದೆ. ಗಾಳಿಯ ಅಣುಗಳು ಒಡೆದು ವಿದ್ಯುತ್ತಿಗೆ ಹಾದಿಯಾಗುವುದೇ ಈ ಕಿಡಿಗೆ ಕಾರಣ. ಹಾಗಾದರೆ ಆ ಗಾಳಿಯನ್ನೇ ಹೊರಕ್ಕೆಳೆದುಬಿಟ್ಟರೆ ಕಿಡಿಯ ಮಾತೇ ಇರಬಾರದಲ್ಲವೆ? ಒಂದೇ ದಿಕ್ಕಿನಲ್ಲಿ ಸ್ಥಿರವಾಗಿ ನಿಂತ ಒತ್ತಡದ ಮಟ್ಟಿಗೆ ಈ ಎಣಿಕೆ ಬಹುತೇಕ ಸರಿಯೇ. ನಿರ್ವಾತವು ಗಾಳಿಗಿಂತ ಗಟ್ಟಿಯಾದ ತಡೆ. ಆದರೆ ಆ ಒತ್ತಡವು ಸೆಕೆಂಡಿಗೆ ನೂರು ಕೋಟಿ ಸಲ ಹಿಂದುಮುಂದಾಗಿ ಆವರ್ತಿಸತಕ್ಕದ್ದಾದರೆ ಲೆಕ್ಕ ತಲೆಕೆಳಗಾಗುತ್ತದೆ. ಗಾಳಿ ತುಂಬಿದ್ದಾಗ ಸಾವಿರಾರು ವೋಲ್ಟುಗಳಿಗೆ ಜಗ್ಗದೆ ನಿಂತಿದ್ದ ಅದೇ ಒಂದು ಮಿಲಿಮೀಟರು ಸಂದು, ಬರಿದಾದ ಮೇಲೆ ಕೇವಲ ಅರವತ್ತು ಎಪ್ಪತ್ತು ವೋಲ್ಟುಗಳಿಗೆ ಸೋಲಬಹುದು. ಮಾನ್ಯ ಶ್ರೋತೃಗಳೆ, ಈ ವಿಪರೀತಕ್ಕೆ ಕಾರಣವೇನು, ಇದರಿಂದ ಯಾರಿಗೆ ನಷ್ಟ, ಇದನ್ನು ಹೇಗೆ ಕಟ್ಟಿಹಾಕುತ್ತಾರೆ ಎಂಬುದೇ ಈ ಭಾಷಣದ ವಿಷಯ.

ಮೊದಲು ಈ ಘಟನೆ ನಡೆಯುವ ಸ್ಥಳವನ್ನು ಕಣ್ಣಮುಂದೆ ತಂದುಕೊಳ್ಳೋಣ. ರೇಡಿಯೋ ಅಲೆಗಳ ವಂಶದಲ್ಲಿ ಅತಿ ಗಿಡ್ಡನೆಯವನ್ನು, ಎಂದರೆ ಕೆಲವು ಸೆಂಟಿಮೀಟರು ಮಾತ್ರ ಉದ್ದವಿರುವ ಅಲೆಗಳನ್ನು, ಸೂಕ್ಷ್ಮತರಂಗಗಳೆನ್ನುತ್ತಾರೆ. ಇವು ಪ್ರಬಲವಾಗಿದ್ದಾಗ ಇವನ್ನು ಸಾಮಾನ್ಯ ತಂತಿಯಲ್ಲಿ ಕಳುಹಿಸುವುದು ದಂಡ. ಹೆಚ್ಚಿನ ಪಾಲು ದಾರಿಯಲ್ಲೇ ಸೋರಿಹೋಗುತ್ತದೆ. ಆದುದರಿಂದ ನೀರನ್ನು ಕೊಳವೆಯಲ್ಲಿ ಹರಿಸುವಂತೆ ಇವನ್ನು ಟೊಳ್ಳಾದ ಲೋಹದ ನಾಳದಲ್ಲಿ ಹಾಯಿಸುತ್ತಾರೆ. ಸೆಕೆಂಡಿಗೆ ಸಾವಿರ ಕೋಟಿ ಸಲ ಆವರ್ತಿಸುವ ಅಲೆಗೆ ಬಳಸುವ ನಾಳದ ಒಳಗಲ ಸುಮಾರು ೨೩ ಮಿಲಿಮೀಟರು, ಎತ್ತರ ಸುಮಾರು ೧೦ ಮಿಲಿಮೀಟರು, ಬೆಂಕಿಪೊಟ್ಟಣಕ್ಕಿಂತಲೂ ಕಿರಿದು. ಇಂಥ ತರಂಗನಾಳದ ಗಣಿತವನ್ನು ಲಾರ್ಡ್ ರೇಲಿಯವರು ೧೮೯೭ರಲ್ಲಿ ಪ್ರಕಟಿಸಿದರು. ಅದೇ ವರ್ಷ ನಮ್ಮ ಜಗದೀಶಚಂದ್ರ ಬೋಸರು ಲಂಡನ್ನಿನ ರಾಯಲ್ ಇನ್‌ಸ್ಟಿಟ್ಯೂಷನ್ನಿನಲ್ಲಿ ತಮ್ಮ ಗಿಡ್ಡ ಅಲೆಗಳ ಪ್ರಯೋಗಗಳನ್ನು ತೋರಿಸಿದರೆಂಬುದನ್ನು ನೆನೆಯುವಾಗ ಸಂತೋಷವಾಗುತ್ತದೆ. ಕಲ್ಕತ್ತೆಯಲ್ಲಿ ಅವರು ಸಿದ್ಧಪಡಿಸಿಕೊಂಡಿದ್ದ ಉಪಕರಣಗಳಲ್ಲಿ ಕೊಳವೆಯೂ ಕೊಂಬಿನಂತೆ ಅರಳಿದ ಬಾಯಿಯೂ ಆಗಲೇ ಇದ್ದವು.

ನಾಳ ಅಗಲವಾಗಿರುವಲ್ಲಿ ತೊಂದರೆ ಕಡಿಮೆ. ಆದರೆ ಒಂದು ಅಲೆಯನ್ನು ಮತ್ತೊಂದರಿಂದ ಬೇರ್ಪಡಿಸುವ ಸೋಸುಕಗಳಲ್ಲಿ ನಾಳವನ್ನು ಅಲ್ಲಲ್ಲಿ ಇರುಕಿಸಬೇಕಾಗುತ್ತದೆ. ಶ್ರುತಿಮಾಡುವುದಕ್ಕಾಗಿ ತಿರುಪುಮೊಳೆಗಳ ತುದಿಯನ್ನು ಒಳಕ್ಕೆ ಚಾಚಿರುತ್ತಾರೆ. ಮೊಳೆಯ ತುದಿಗೂ ಎದುರು ಗೋಡೆಗೂ ನಡುವೆ ಒಂದೆರಡು ಮಿಲಿಮೀಟರಿನ ಸಂದು ಉಳಿಯುತ್ತದೆ. ನಮ್ಮ ಕಥೆ ನಡೆಯುವುದು ಈ ಸಂದಿನಲ್ಲಿ.

ಸಂದಿನಲ್ಲಿ ಗಾಳಿಯಿಲ್ಲವೆಂದೂ, ಎಲ್ಲಿಂದಲೋ ದಾರಿತಪ್ಪಿ ಬಂದ ಒಂದೇ ಒಂದು ಎಲೆಕ್ಟ್ರಾನು ಅದರೊಳಗೆ ಸಿಕ್ಕಿತೆಂದೂ ಭಾವಿಸಿ. ಅಲೆಯ ಬಲ ಬಲಕ್ಕೆ ತಳ್ಳುವಾಗ ಅದು ಬಲಗೋಡೆಯತ್ತ ಧಾವಿಸುತ್ತದೆ. ಗಾಳಿಯಿದ್ದಿದ್ದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲನ್ನೂ ನೆಟ್ಟಗೆ ಹೋಗಲಾರದೆ ಅಣುಗಳಿಗೆ ಡಿಕ್ಕಿ ಹೊಡೆದು ವೇಗವನ್ನು ಕಳೆದುಕೊಳ್ಳುತ್ತಿತ್ತು. ಗಾಳಿಯ ಒತ್ತಡವನ್ನು ಹತ್ತು ಕೋಟಿಯಲ್ಲೊಂದು ಪಾಲಿಗೆ ಇಳಿಸಿದ ಮೇಲಾದರೋ, ಒಂದು ಅಣುವನ್ನು ಸಂಧಿಸಬೇಕಾದರೆ ಹಲವು ಮೀಟರು ಹೋಗಬೇಕು. ಆದುದರಿಂದ ಎಲೆಕ್ಟ್ರಾನು ಅಡ್ಡಿಯಿಲ್ಲದೆ ಬಂದು ಬಲಗೋಡೆಗೆ ಅಪ್ಪಳಿಸುತ್ತದೆ. ಅದು ಬಡಿದ ಹೊತ್ತಿಗೆ ಸರಿಯಾಗಿ ಅಲೆಯ ಬಲ ದಿಕ್ಕು ಬದಲಾಯಿಸಿತೆನ್ನಿ. ಬಡಿತದಿಂದ ಗೋಡೆಯೊಳಗಿನ ಎಲೆಕ್ಟ್ರಾನುಗಳು ಒಂದೆರಡು ಹೊರಕ್ಕೆ ಸಿಡಿದವೆನ್ನಿ. ಆಗ ಹೊಸದಾಗಿ ಹೊರಟ ಇವನ್ನು ಅಲೆಯು ಎಡಕ್ಕೆ ಓಡಿಸುತ್ತದೆ. ಅಲ್ಲಿ ಎರಡು ಬಡಿದು ನಾಲ್ಕು. ನಾಲ್ಕು ಮರಳಿ ಬಂದು ಎಂಟು. ಮಗ್ಗದಲ್ಲಿ ಲಾಳಿ ಒಂದು ಅಂಚಿನಿಂದ ಇನ್ನೊಂದಕ್ಕೆ ಓಡಾಡುವುದನ್ನು ನೀವೆಲ್ಲರೂ ಕಂಡಿದ್ದೀರಿ. ಅಂಚನ್ನು ಮುಟ್ಟಿದಾಗಲೆಲ್ಲ ಒಂದು ಲಾಳಿ ಎರಡಾಗುವ ಮಗ್ಗವೊಂದನ್ನು ಕಲ್ಪಿಸಿಕೊಂಡರೆ ಈ ಸಂದಿನೊಳಗಿನ ವ್ಯಾಪಾರ ತಿಳಿಯುತ್ತದೆ.

ಇದರ ವೇಗವನ್ನು ಲೆಕ್ಕ ಹಾಕಿ ನೋಡಿ. ಸೆಕೆಂಡಿಗೆ ನೂರು ಕೋಟಿ ಆವರ್ತವೆಂದರೆ, ದಿಕ್ಕು ಬದಲಾಗುವುದು ಸೆಕೆಂಡಿನ ಇನ್ನೂರು ಕೋಟಿಯಲ್ಲೊಂದು ಪಾಲಿಗೊಮ್ಮೆ. ಅಷ್ಟರೊಳಗೆ ಒಂದು ಮಿಲಿಮೀಟರನ್ನು ದಾಟಬೇಕಾದರೆ ಎಲೆಕ್ಟ್ರಾನಿನ ಸರಾಸರಿ ವೇಗ ಸೆಕೆಂಡಿಗೆ ಎರಡು ಸಾವಿರ ಕಿಲೋಮೀಟರಿರಬೇಕು; ಅಷ್ಟು ವೇಗವನ್ನು ಆ ಅರವತ್ತು ಚಿಲ್ಲರೆ ವೋಲ್ಟುಗಳೇ ಕೊಡುತ್ತವೆ. ಪ್ರತಿಯೊಂದು ಬಡಿತಕ್ಕೂ ಎರಡರಷ್ಟಾಗುವುದೆಂದು ಲೆಕ್ಕಕ್ಕಾಗಿ ಇಟ್ಟುಕೊಂಡರೆ ಮೂವತ್ತು ಬಡಿತಗಳಲ್ಲಿ ಒಂದು ಎಲೆಕ್ಟ್ರಾನು ನೂರು ಕೋಟಿಯನ್ನು ಮೀರುತ್ತದೆ. ಮೂವತ್ತು ಬಡಿತಕ್ಕೆ ಹಿಡಿಯುವ ಕಾಲದಲ್ಲಿ ಬೆಳಕು ಕೂಡ ನಾಲ್ಕೂವರೆ ಮೀಟರಿಗಿಂತ ಹೆಚ್ಚು ಹೋಗಲಾರದು. ಎಂದರೆ ನೀವು ಕುಳಿತ ಕೋಣೆಯ ಒಂದು ಗೋಡೆಯಿಂದ ಎದುರು ಗೋಡೆಗೆ. ಚದುರಂಗದ ಮನೆಗಳಲ್ಲಿ ಕಾಳನ್ನು ಇಮ್ಮಡಿಸುತ್ತ ಹೋದ ಹಳೆಯ ಕಥೆಯಲ್ಲಿ ರಾಜನಿಗೆ ಯೋಚಿಸಲು ಇದಕ್ಕಿಂತ ಹೆಚ್ಚು ಸಮಯವಿತ್ತು.

ಗಮನಿಸತಕ್ಕ ಅಂಶವೇನೆಂದರೆ, ಇಲ್ಲಿ ಎರಡು ಸಂಗತಿಗಳು ಕೂಡಿಬರಬೇಕು. ಒಂದು, ಕಾಲದ ಹೊಂದಾಣಿಕೆ: ಎಲೆಕ್ಟ್ರಾನಿನ ಪ್ರಯಾಣವೂ ಅಲೆಯ ಅರ್ಧ ಆವರ್ತವೂ ಒಟ್ಟಿಗೆ ಮುಗಿಯಬೇಕು, ಅಥವಾ ಪ್ರಯಾಣವು ಮೂರು, ಐದು ಹೀಗೆ ಬೆಸಸಂಖ್ಯೆಯ ಅರ್ಧಾವರ್ತಗಳಲ್ಲಿ ಮುಗಿಯಬೇಕು. ಉಯ್ಯಾಲೆಯನ್ನು ಹೊತ್ತರಿತು ನೂಕಿದರೆ ಮಾತ್ರ ಅದು ಏರುವಂತೆ. ಎರಡನೆಯದು, ಗೋಡೆಯ ಔದಾರ್ಯ. ಬಡಿದ ಒಂದಕ್ಕೆ ಗೋಡೆಯು ಸರಾಸರಿ ಒಂದಕ್ಕಿಂತ ಹೆಚ್ಚನ್ನು ಕೊಡಬೇಕು. ಲೋಹವನ್ನು ಎಲೆಕ್ಟ್ರಾನುಗಳಿಂದ ಬಡಿದರೆ ಬಡಿದುದಕ್ಕಿಂತ ಹೆಚ್ಚು ಹೊರಬರಬಹುದೆಂಬುದನ್ನು ಆಸ್ಟಿನ್ ಮತ್ತು ಸ್ಟಾರ್ಕ ಎಂಬವರು ೧೯೦೨ರಲ್ಲಿ ಕಂಡರು. ಬಡಿತ ತೀರ ಮೆಲ್ಲಗಿದ್ದರೆ ಏನೂ ಏಳುವುದಿಲ್ಲ. ಕೆಲವು ಹತ್ತು ವೋಲ್ಟುಗಳ ಶಕ್ತಿಯಿಂದ ಬಡಿದಾಗ ಒಂದಕ್ಕೊಂದು ಬರುತ್ತದೆ. ಕೆಲವು ನೂರು ವೋಲ್ಟುಗಳಲ್ಲಿ ಇಳುವರಿ ತುತ್ತತುದಿಗೆ ಏರುತ್ತದೆ. ಸಾವಿರಗಟ್ಟಲೆಯಾದರೆ ಎಲೆಕ್ಟ್ರಾನು ಲೋಹದ ಆಳಕ್ಕೆ ಹೂತುಹೋಗುವುದರಿಂದ ಅಲ್ಲಿ ಎದ್ದವು ಮೇಲೆ ಬರಲಾರದೆ ಇಳುವರಿ ಮತ್ತೆ ಇಳಿಯುತ್ತದೆ. ಬೆಳ್ಳಿಯ ಅತಿ ಹೆಚ್ಚಿನ ಇಳುವರಿ ಎರಡಕ್ಕಿಂತ ತುಸು ಮೇಲೆ. ಮೇಲ್ಮೈ ಕಿಲುಬಿಗೆ ಒಳಗಾದ ಸಾಮಾನ್ಯ ಅಲ್ಯುಮಿನಿಯಮ್ಮಿನದು ಮೂರರ ಹತ್ತಿರ. ಒಂದು ಬೆರಳಚ್ಚಿನ ಜಿಡ್ಡು ಬಿದ್ದರೂ ಈ ಅಂಕಿಗಳು ಬದಲಾಗುತ್ತವೆ. ಭೌತಶಾಸ್ತ್ರವು ಅಚಲವಾದ ಅಂಕಿಗಳನ್ನು ಕೊಡುವ ಶಾಸ್ತ್ರವೆಂದು ನಂಬಿ ಬಂದ ನನ್ನ ವಿದ್ಯಾರ್ಥಿಗಳಿಗೆ ಈ ಮಾತು ಹಿಡಿಸುವುದಿಲ್ಲ. ಕೈತೊಳೆಯದವನಿಂದ ನಿಯತಾಂಕವೇ ಕೆಡುವುದೆಂದರೆ ಅವರಿಗೆ ನಗು.

ಈ ಘಟನೆಗೆ ಇಂಗ್ಲಿಷಿನಲ್ಲಿ ಮಲ್ಟಿಪ್ಯಾಕ್ಟರ್ ಎಂಬ ಹೆಸರು ರೂಢಿಯಾಗಿದೆ. ಹಲವು ಬಡಿತಗಳೆಂಬುದೇ ಅದರ ಭಾವ. ಸಂಸ್ಕೃತಜ್ಞರು ಬಹ್ವಾಘಾತವೆಂದಾರು, ನಾಲಗೆಗೆ ಸುಲಭವಾಗಲೆಂದು ನಾನು ಮರುಬಡಿತವೆನ್ನುತ್ತೇನೆ. ವಿನೋದವೇನೆಂದರೆ, ಇಂದು ಯಂತ್ರಶಿಲ್ಪಿಗಳ ನಿದ್ದೆ ಕೆಡಿಸುತ್ತಿರುವ ಈ ಮರುಬಡಿತವನ್ನು ಮೊದಲು ಆದರದಿಂದ ಬರಮಾಡಿಕೊಂಡವರೂ ಒಬ್ಬ ಯಂತ್ರಶಿಲ್ಪಿಯೇ. ಅಮೆರಿಕದ ಫೈಲೋ ಫಾರ್ನ್ಸ್‌ವರ್ತ್, ಟೆಲಿವಿಷನ್ನಿನ ನಿರ್ಮಾತೃಗಳಲ್ಲಿ ಒಬ್ಬರು, ೧೯೨೭ರಲ್ಲಿ, ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಚಿತ್ರವೊಂದನ್ನು ಕೇವಲ ಎಲೆಕ್ಟ್ರಾನುಗಳ ಸಹಾಯದಿಂದ ಕಳುಹಿಸಿ ತೋರಿಸಿದವರು. ಅವರ ಚಿತ್ರನಳಿಕೆಯಿಂದ ಬರುತ್ತಿದ್ದ ವಿದ್ಯುತ್ಪ್ರವಾಹ ಬಹಳ ಕ್ಷೀಣವಾದುದು. ಅದನ್ನು ಹೆಚ್ಚಿಸಲು ಅವರು ನಿರ್ವಾತ ನಳಿಕೆಯಲ್ಲಿ ಎರಡು ತಗಡುಗಳನ್ನಿಟ್ಟು, ಎಲೆಕ್ಟ್ರಾನುಗಳನ್ನು ಅವುಗಳ ನಡುವೆ ಓಡಾಡಿಸಿ, ಬಡಿತಕ್ಕೊಮ್ಮೆ ಬೆಳೆಸಿಕೊಂಡರು. ೧೯೩೪ರಲ್ಲಿ ಅದನ್ನು ಕುರಿತು ಪ್ರಕಟಿಸಿದರು. ಆ ನಳಿಕೆಯ ಹೆಸರೇ ಈಗ ಈ ಉಪದ್ರವದ ಹೆಸರು.

೧೯೪೮ರಲ್ಲಿ ಆಕ್ಸ್‌ಫರ್ಡಿನ ಗಿಲ್ ಮತ್ತು ಫಾನ್ ಎಂಗೆಲ್ ಎಂಬವರು ಈ ಬಡಿತದ ಸಿದ್ಧಾಂತವನ್ನು ಕ್ರಮಪಡಿಸಿದರು. ೧೯೫೪ರಲ್ಲಿ ಹ್ಯಾಚ್ ಮತ್ತು ವಿಲಿಯಮ್ಸ್ ಎಂಬ ಅಮೆರಿಕನರು ಅದನ್ನು ಮುಂದುವರಿಸಿದರು. ಮರುಬಡಿತ ಎಲ್ಲೆಲ್ಲಿ ಸಾಧ್ಯವೆಂಬುದನ್ನು ಒಂದು ನಕ್ಷೆಯಾಗಿ ಬರೆಯಬಹುದೆಂಬುದು ಇವರ ಕೆಲಸದಿಂದ ಸ್ಪಷ್ಟವಾಯಿತು. ಅಂತರವನ್ನು ಇಮ್ಮಡಿ ಮಾಡಿ ಆವರ್ತಗಳ ಸಂಖ್ಯೆಯನ್ನು ಅರ್ಧಕ್ಕಿಳಿಸಿದರೆ ಎಲೆಕ್ಟ್ರಾನಿಗೆ ಬೇಕಾದ ವೇಗ ಅಷ್ಟೇ ಉಳಿಯುತ್ತದೆ. ಆದುದರಿಂದ ಇವೆರಡರ ಗುಣಲಬ್ಧವೊಂದಿದ್ದರೆ ಸಾಕು. ಅಡ್ಡಗೆರೆಯ ಮೇಲೆ ಆ ಗುಣಲಬ್ಧ, ಉದ್ದಗೆರೆಯ ಮೇಲೆ ವೋಲ್ಟು. ನಡುವೆ ದ್ವೀಪಗಳಂತೆ ಅಪಾಯದ ಪ್ರದೇಶಗಳು. ಬೆಳ್ಳಿಯ ಮಟ್ಟಿಗೆ ಈ ದ್ವೀಪಗಳ ಕೆಳದಂಡೆ ಸರಿಸುಮಾರಾಗಿ ಹೀಗೆ: ಸೆಕೆಂಡಿಗೆ ನೂರು ಕೋಟಿ ಆವರ್ತವನ್ನು ಒಂದೆಂದೂ ಮಿಲಿಮೀಟರನ್ನು ಒಂದೆಂದೂ ಎಣಿಸಿ ಗುಣಿಸಿ, ಬಂದುದನ್ನು ೬೩ರಿಂದ ಗುಣಿಸಿದರೆ ವೋಲ್ಟು. ಗುಣಲಬ್ಧ ತೀರ ಸಣ್ಣದಾದರೆ, ಎಂದರೆ ಸಂದು ಬಹಳ ಕಿರಿದಾದರೆ, ಹೊತ್ತಿಗೆ ಸರಿಯಾಗಿ ಬಂದ ಎಲೆಕ್ಟ್ರಾನಿಗೂ ಗೋಡೆಯನ್ನು ಕೆದಕುವಷ್ಟು ಶಕ್ತಿಯಿರುವುದಿಲ್ಲ, ಅಪಾಯವೂ ಇಲ್ಲ.

ಈಗ ನಷ್ಟದ ಮಾತು. ಒಂದು ಮಿಲಿಮೀಟರು ಸಂದಿನಲ್ಲಿ ೬೩ ವೋಲ್ಟೆಂದರೆ ಎಷ್ಟು ಶಕ್ತಿ? ಸಾಮಾನ್ಯವಾಗಿ ಬಳಸುವ ಐವತ್ತು ಓಮಿನ ಜೋಡುನಾಳದಲ್ಲಿ ಅದು ಕೇವಲ ನಾಲ್ವತ್ತು ವಾಟು. ಮನೆಯ ಒಂದು ಸಣ್ಣ ಬಲ್ಬಿನಷ್ಟು. ಮರುಬಡಿತ ಮೊದಲಾದ ಒಡನೆ ಏನೂ ಸುಟ್ಟುಹೋಗುವುದಿಲ್ಲ. ಎಲೆಕ್ಟ್ರಾನುಗಳ ಮೋಡವು ಒಂದು ಮಿತಿಗೆ ಬಂದಮೇಲೆ ಪರಸ್ಪರ ವಿಕರ್ಷಣೆಯಿಂದಲೇ ಬೆಳೆಯದೆ ನಿಲ್ಲುತ್ತದೆ. ಆದರೆ ಆ ಮೋಡ ಅಲೆಯ ಶಕ್ತಿಯನ್ನು ಹೀರುತ್ತದೆ, ಸೋಸುಕದ ಶ್ರುತಿಯನ್ನು ಕೆಡಿಸುತ್ತದೆ, ಗದ್ದಲವನ್ನು ಬೆರೆಸುತ್ತದೆ, ಮುಂದೆ ಹೋಗಬೇಕಾದ ಅಲೆಯನ್ನು ಹಿಂದಕ್ಕೆ, ಬಂದ ನಳಿಕೆಯತ್ತಲೇ, ತಿರುಗಿಸುತ್ತದೆ. ಬಡಿತದಿಂದ ಗೋಡೆ ಬಿಸಿಯಾಗಿ ತನ್ನಲ್ಲಿ ಅಂಟಿಕೊಂಡಿದ್ದ ಅನಿಲವನ್ನು ಉಗುಳತೊಡಗಿದರೆ ಅನರ್ಥ ಇಮ್ಮಡಿಸುತ್ತದೆ. ಈಗ ಸಂದು ಬರಿದೂ ಅಲ್ಲ, ಗಾಳಿ ತುಂಬಿದ್ದೂ ಅಲ್ಲ. ತೆಳುವಾದ ಅನಿಲ, ಅದರಲ್ಲಿ ಕೋಟ್ಯಂತರ ಎಲೆಕ್ಟ್ರಾನು. ಅನಿಲಕ್ಕೆ ಮಿಂಚು ಹತ್ತಿತೆಂದರೆ ಲೋಹ ಕರಗುವುದು ದೊಡ್ಡ ಮಾತಲ್ಲ.

ನೆಲದ ಮೇಲಿನ ಯಂತ್ರವಾದರೆ ನಿಲ್ಲಿಸಿ, ಬಿಚ್ಚಿ, ಉಜ್ಜಿ, ಮತ್ತೆ ಕೂಡಿಸಬಹುದು. ಮೂವತ್ತಾರು ಸಾವಿರ ಕಿಲೋಮೀಟರು ಎತ್ತರದಲ್ಲಿ ನಿಂತ ಸಂಪರ್ಕ ಉಪಗ್ರಹವನ್ನು ಯಾರು ಬಿಚ್ಚಬೇಕು? ಇದು ನಮಗೆ ಪರದೇಶದ ಸಂಗತಿಯೇನೂ ಅಲ್ಲ. ೧೯೭೫ರಲ್ಲಿ ಆರ್ಯಭಟವು ಸಿದ್ಧವಾದದ್ದು ಬೆಂಗಳೂರಿನ ಪೀಣ್ಯದಲ್ಲಿ. ೧೯೯೨ರಲ್ಲಿ ಹಾರಿದ ಇನ್ಸಾಟ್-೨ಎ, ಆ ಮಾಲೆಯಲ್ಲಿ ನಮ್ಮವರೇ ಕಟ್ಟಿದ ಮೊದಲನೆಯದು. ಇಂಥ ಉಪಗ್ರಹಗಳ ಯೋಗಕ್ಷೇಮವನ್ನು ನೋಡಿಕೊಳ್ಳುವ ಕೇಂದ್ರವು ೧೯೮೨ರಿಂದ ಹಾಸನದಲ್ಲಿದೆ. ಅಲ್ಲಿ ಕುಳಿತವರು ಉಪಗ್ರಹಕ್ಕೆ ಆಜ್ಞೆಗಳನ್ನು ಕಳುಹಿಸಬಲ್ಲರು. ಅದರೊಳಗಿನ ಸೋಸುಕದ ಸಂದನ್ನು ಒಂದು ಕೂದಲೆಳೆಯಷ್ಟೂ ಅಗಲಿಸಲಾರರು. ಹೀಗಾಗಿ ನಿರ್ಧಾರವೆಲ್ಲ ನೆಲದ ಮೇಲೆಯೇ, ಹಾರುವ ಮುನ್ನವೇ ಆಗಬೇಕು.

ಈ ನಿರ್ಧಾರದಲ್ಲಿ ಒಂದು ತೊಡಕುಂಟು. ಉಪಗ್ರಹದ ಒಂದೇ ನಾಳದಲ್ಲಿ ಹಲವು ಅಲೆಗಳು ಒಟ್ಟಿಗೆ ಸಾಗುತ್ತವೆ. ನೂರು ವಾಟಿನ ಹತ್ತು ಅಲೆಗಳಿವೆಯೆನ್ನಿ. ಒಟ್ಟು ಶಕ್ತಿ ಸಾವಿರ ವಾಟೆಂದು ಯಾರಾದರೂ ಹೇಳಬಹುದು. ಸರಾಸರಿಗೆ ಅದು ನಿಜ. ಆದರೆ ಹತ್ತರ ಶಿಖರಗಳೂ ಒಂದೇ ಕ್ಷಣದಲ್ಲಿ ಒಂದರ ಮೇಲೊಂದು ಬಿದ್ದಾಗ ವೋಲ್ಟು ಹತ್ತುಪಟ್ಟಾಗುತ್ತದೆ, ಶಕ್ತಿ ಅದರ ವರ್ಗವಾದುದರಿಂದ ನೂರುಪಟ್ಟು: ಹತ್ತು ಸಾವಿರ ವಾಟು. ಅಷ್ಟಕ್ಕೂ ತಡೆಯುವಂತೆ ಕಟ್ಟಿದರೆ ಉಪಕರಣ ದಪ್ಪವಾಗುತ್ತದೆ, ಭಾರವಾಗುತ್ತದೆ. ಆಕಾಶಕ್ಕೆ ಒಯ್ಯುವ ಪ್ರತಿಯೊಂದು ತೊಲಕ್ಕೂ ಸುಂಕ ತೆರಬೇಕು. ಆದರೆ ಅಂಥ ಶಿಖರ ಎಷ್ಟು ಹೊತ್ತು ನಿಲ್ಲುತ್ತದೆ? ಮರುಬಡಿತ ಬೆಳೆಯಲು ಕಾಲ ಬೇಕಷ್ಟೆ. ಆದುದರಿಂದ ಐರೋಪ್ಯ ಶಿಲ್ಪಿಗಳು ಒಂದು ಕಟ್ಟಳೆ ಮಾಡಿಕೊಂಡರು: ಎಲೆಕ್ಟ್ರಾನು ಸಂದನ್ನು ಇಪ್ಪತ್ತು ಸಲ ದಾಟುವಷ್ಟು ಹೊತ್ತು ಒತ್ತಡ ಮಿತಿಯನ್ನು ಮೀರಿ ನಿಲ್ಲದಿದ್ದರೆ ಭಯವಿಲ್ಲ. ಇದು ಬುದ್ಧಿವಂತಿಕೆಯ ಕಟ್ಟಳೆಯೇ ಹೊರತು ಪ್ರಕೃತಿಯ ನಿಯಮವಲ್ಲವೆಂಬುದು ನನ್ನ ಅಭಿಪ್ರಾಯ. ಒಂದು ಶಿಖರದ ಕೊನೆಗೆ ಉಳಿದ ಎಲೆಕ್ಟ್ರಾನುಗಳು ಚದರಿಹೋಗುವ ಮುನ್ನ ಮುಂದಿನ ಶಿಖರ ಬಂದರೆ, ಬಾಕಿಗೆ ಬಡ್ಡಿ ಸೇರುವಂತೆ ಸಂಖ್ಯೆ ಬೆಳೆಯುತ್ತದೆ.

ಪರೀಕ್ಷೆಯ ವಿಷಯದಲ್ಲಿ ಇನ್ನೂ ಸೂಕ್ಷ್ಮವಾದ ಮೋಸವೊಂದಿದೆ. ಉಪಕರಣವನ್ನು ನಿರ್ವಾತದ ಪಾತ್ರೆಯಲ್ಲಿಟ್ಟು, ನಿಜವಾಗಿ ಹೊರಬೇಕಾದುದಕ್ಕಿಂತ ಹೆಚ್ಚಿನ ಶಕ್ತಿಯನ್ನು ಹಾಯಿಸಿ ನೋಡುತ್ತಾರೆ. ಹಿಂದಿರುಗುವ ಅಲೆ ಹೆಚ್ಚಿತೇ, ಮೂಲ ಅಲೆಯ ಮೂರರಷ್ಟು ಆವರ್ತದ ಹೊಸ ಸ್ವರ ಹುಟ್ಟಿತೇ, ಎಂದು ಹಲವು ಕಿವಿಗಳಿಂದ ಆಲಿಸುತ್ತಾರೆ. ಏನೂ ಕೇಳಿಸದಿದ್ದರೆ ಉಪಕರಣ ತೇರ್ಗಡೆಯಾಯಿತೆ? ಆಗಿರಬಹುದು. ಅಥವಾ ಆಟವನ್ನು ಪ್ರಾರಂಭಿಸತಕ್ಕ ಮೊದಲ ಎಲೆಕ್ಟ್ರಾನು ಆ ಹೊತ್ತಿನಲ್ಲಿ ಸಂದಿನೊಳಗೆ ಇಲ್ಲದೆಯೇ ಇದ್ದಿರಬಹುದು. ಬಿತ್ತದ ಹೊಲದಲ್ಲಿ ಕಳೆಯಿಲ್ಲವೆಂದು ಹಿಗ್ಗುವುದು ಹೇಗೋ ಹಾಗೆ. ಆಕಾಶದಲ್ಲಿ ಬೀಜಕ್ಕೆ ಬರಗಾಲವಿಲ್ಲ. ಭೂಮಿಯನ್ನು ಸುತ್ತುವರಿದ ಕಣಗಳ ವಲಯದಲ್ಲಿ ಎಲೆಕ್ಟ್ರಾನುಗಳು ಲೋಹದ ತಗಡನ್ನೂ ಹಾಯ್ದು ಬರುತ್ತವೆ. ಆದಕಾರಣ ಪರೀಕ್ಷಕರು ಸ್ಟ್ರಾನ್ಷಿಯಮ್-೯೦ರಂಥ ವಿಕಿರಣಶೀಲ ದ್ರವ್ಯವನ್ನು ಬಳಿಯಲ್ಲಿಟ್ಟೋ, ನೇರಳಾತೀತ ಬೆಳಕನ್ನು ಬಿಟ್ಟೋ ಬೇಕೆಂದೇ ಬೀಜವನ್ನು ಚೆಲ್ಲುತ್ತಾರೆ. ಶತ್ರುವಿಗೆ ಬಾಗಿಲು ತೆರೆದಿಟ್ಟು ಕೋಟೆಯನ್ನು ಪರೀಕ್ಷಿಸುವ ಕ್ರಮವಿದು. ಬೀಜವಿಲ್ಲದೆ ನಡೆಸಿದ ಪರೀಕ್ಷೆಯ ಮೌನಕ್ಕೆ ಬೆಲೆಯಿಲ್ಲ.

ಪರಿಹಾರಗಳು ಹಲವು. ಸಂದನ್ನು ಅಗಲಿಸುವುದು ಸುಲಭವಾದ ದಾರಿ, ಸ್ಥಳವಿದ್ದರೆ. ಗೋಡೆಗೆ ಜಿಪುಣ ಲೇಪವನ್ನು ಕೊಡುವುದು ಇನ್ನೊಂದು. ಪ್ರಬಲ ನಳಿಕೆಗಳಿಂದ ಅಲೆಯನ್ನು ಹೊರಬಿಡುವ ಪಿಂಗಾಣಿಯ ಕಿಟಕಿಗಳು ಎಲೆಕ್ಟ್ರಾನುಗಳನ್ನು ಕೊಡುವುದರಲ್ಲಿ ಲೋಹಕ್ಕಿಂತ ಬಹಳ ಉದಾರಿಗಳು. ಅವುಗಳ ಮೇಲೆ ಟೈಟೇನಿಯಮ್ ನೈಟ್ರೈಡಿನ ಅತಿ ತೆಳುವಾದ ಪೊರೆಯನ್ನು ಹರಡುತ್ತಾರೆ. ಸ್ಥಿರವಾದ ಒತ್ತಡವೊಂದನ್ನು ಜೊತೆಗೆ ಕೊಟ್ಟು ಎಲೆಕ್ಟ್ರಾನಿನ ತಾಳವನ್ನು ತಪ್ಪಿಸುವುದೂ ಉಂಟು. ಜಿನೀವಾದ ಬಳಿ ಸರ್ನ್ ಸಂಸ್ಥೆಯ ಲೆಪ್ ಎಂಬ ಕಣವೇಗವರ್ಧಕದಲ್ಲಿ ಹೀಗೆ ಮಾಡಿದರು.

ಇವೆಲ್ಲಕ್ಕಿಂತ ನನಗೆ ಸುಂದರವಾಗಿ ತೋರುವುದು ಬರಿಯ ಆಕಾರದಿಂದ ಸಾಧಿಸಿದ ಪರಿಹಾರ. ೧೯೭೦ರ ದಶಕದಲ್ಲಿ ಸ್ಟ್ಯಾನ್‌ಫರ್ಡಿನಲ್ಲಿ ನಿಯೋಬಿಯಮ್ ಲೋಹದ ಪೆಟ್ಟಿಗೆಗಳನ್ನು ದ್ರವ ಹೀಲಿಯಮ್ಮಿನಲ್ಲಿ ತಣಿಸಿ, ತಡೆಯಿಲ್ಲದಂತೆ ಮಾಡಿ, ಅವುಗಳಲ್ಲಿ ಅಲೆಗಳನ್ನು ತುಂಬಿ ಎಲೆಕ್ಟ್ರಾನುಗಳನ್ನು ವೇಗಗೊಳಿಸಲು ಹವಣಿಸಿದರು. ನಿರೀಕ್ಷಿಸಿದ ಬಲದ ಒಂದು ಸಣ್ಣ ಪಾಲು ಮುಟ್ಟುವಷ್ಟರಲ್ಲಿ ಮರುಬಡಿತ ಅಡ್ಡನಿಂತಿತು. ಆ ಪೆಟ್ಟಿಗೆಗಳು ಡಬ್ಬಿಯಂತೆ ನೆಟ್ಟನೆಯ ಪಕ್ಕಗಳುಳ್ಳವು. ಗೋಡೆಯಿಂದ ಎದ್ದ ಎಲೆಕ್ಟ್ರಾನು ಬಾಗಿ ಬಂದು ಎದ್ದ ಜಾಗದಲ್ಲೇ ಮತ್ತೆ ಬೀಳುತ್ತಿತ್ತು. ೧೯೭೯ರಲ್ಲಿ ಜರ್ಮನಿಯ ವುಪ್ಪರ್‌ಟಾಲಿನ ಕ್ಲೈನ್ ಮತ್ತು ಪ್ರೋಖ್ ಎಂಬವರು ಗೋಡೆಯನ್ನು ದುಂಡಗೆ ಬಾಗಿಸಿದರೆ ಏನಾಗುವುದೆಂಬುದನ್ನು ತೋರಿಸಿದರು. ಬಾಗಿದ ಗೋಡೆಯಲ್ಲಿ ಎಲೆಕ್ಟ್ರಾನು ಒಂದೊಂದು ನೆಗೆತಕ್ಕೂ ಸ್ವಲ್ಪ ಸ್ವಲ್ಪವಾಗಿ ನಡುಸೊಂಟದತ್ತ ಜಾರುತ್ತದೆ. ಅಲ್ಲಿ ಅದನ್ನು ತಳ್ಳುವ ಬಲವೇ ಇಲ್ಲ. ಬಡಿತಕ್ಕೆ ಶಕ್ತಿಯಿಲ್ಲದೆ ಸಂತಾನ ನಿಂತುಹೋಗುತ್ತದೆ. ಯಾವ ಲೇಪವೂ ಇಲ್ಲ, ಯಾವ ಕಾವಲೂ ಇಲ್ಲ. ೨೦೧೭ರಲ್ಲಿ ಹ್ಯಾಂಬುರ್ಗಿನ ಬಳಿ ಕೆಲಸ ಮೊದಲುಮಾಡಿದ ಐರೋಪ್ಯ ಎಕ್ಸ್‌ಕಿರಣ ಲೇಸರಿನಲ್ಲಿ ಇರುವುದು ಹೀಗೆ ದುಂಡಗಾದ ನೂರಾರು ಪೆಟ್ಟಿಗೆಗಳ ಸಾಲು.

ಉಪಗ್ರಹದ ಸೋಸುಕಕ್ಕೆ ಈ ಸೌಲಭ್ಯ ಪೂರ್ತಿಯಾಗಿ ದೊರೆಯುವುದಿಲ್ಲ. ಅದರ ಆಕಾರವನ್ನು ಬೇರೆ ಕಾರಣಗಳು ನಿರ್ಧರಿಸುತ್ತವೆ. ಅಲ್ಲಿ ಉಳಿಯುವುದು ಅಂತರದ ಲೆಕ್ಕ, ಲೇಪದ ಆಯ್ಕೆ, ಕೈಗವಸು ತೊಟ್ಟ ಕೆಲಸಗಾರನ ಶುಚಿತ್ವ. ಜೊತೆಗೆ ಕೊಂಚ ತಾಳ್ಮೆ. ನೆಲದ ಮೇಲೆ ತುಂಬಿಕೊಂಡಿದ್ದ ಗಾಳಿ ಹೊರಹೋಗಲೆಂದು ಉಪಕರಣಗಳಲ್ಲಿ ಸಣ್ಣ ರಂಧ್ರಗಳನ್ನು ಇಟ್ಟಿರುತ್ತಾರೆ. ಮೇಲೇರಿದ ಮೇಲೂ ತಿರುಪಿನ ಎಳೆಗಳ ನಡುವೆ, ಬೆಸುಗೆಯ ಸಂದಿನಲ್ಲಿ, ಬಣ್ಣದ ಪದರದಲ್ಲಿ ಅಡಗಿದ ಅನಿಲ ಮೆಲ್ಲಗೆ ಸೋರುತ್ತಲೇ ಇರುತ್ತದೆ. ಹೀಗಾಗಿ ಉಪಗ್ರಹ ಕಕ್ಷೆಯನ್ನು ಮುಟ್ಟಿದ ಕೂಡಲೆ ಅದರ ಪ್ರಬಲ ಪ್ರೇಷಕಗಳನ್ನು ಹೊತ್ತಿಸುವುದಿಲ್ಲ. ಆ ಉಸಿರು ಪೂರ್ತಿ ಹೊರಟುಹೋಗುವವರೆಗೆ ಕೆಳಗಿನವರು ಸುಮ್ಮನೆ ಕಾಯುತ್ತಾರೆ; ಅನಂತರ ಶಕ್ತಿಯನ್ನು ಸ್ವಲ್ಪ ಸ್ವಲ್ಪವಾಗಿ ಏರಿಸುತ್ತ, ಹಿಂದಿರುಗುವ ಅಲೆಯ ಮುಳ್ಳಿನ ಮೇಲೆ ಕಣ್ಣಿಟ್ಟಿರುತ್ತಾರೆ.